ನಾಲ್ಕು ತಾಲ್ಲೂಕಿನ ದ್ರಾಕ್ಷಿ, ಒಂದು ಹಗೇವು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾಮಾನ ದೀಪ ಆರಿತು. ಆಗತಾನೇ ಕೈಗಡಿಯಾರ ನೋಡಿದ್ದೆ, ಅದಕ್ಕೇ ಇವತ್ತಿಗೂ ನೆನಪಿದೆ. ಮೂರೂವರೆಗೆ ಇಂಡಿಯ ಬಸ್ಸು ಬರುತ್ತಿತ್ತು. ಮಾಮಾ ಅದನ್ನು ಹಿಡಿಯಬೇಕಿತ್ತು. ಆದರೂ ಒಂದೇ ನಿಮಿಷದ ಕೆಲಸ ಎಂದು ಹೇಳಿ ಹಗೇವಿನೊಳಗೆ ಇಳಿದಿದ್ದ. ನಾನು ಮೇಲೆ ಕುಕ್ಕರುಗಾಲಲ್ಲಿ ಕೂತು ಒಳಗೆ ಇಣುಕುತ್ತಿದ್ದೆ. ಹಳದಿ ಬೆಳಕು ಕುಗ್ಗಿತು, ನೀಲಿಯಾಯಿತು, ಇಲ್ಲವಾಯಿತು.

ದೀಪ ಯಾಕೆ ಆರಿತು ಎಂದು ಕೇಳಿದೆ.

“ಸೊಸಾಯಿಟಿ ಚಿಮಣಿ ಎಣ್ಣಿ, ಅವ್ವಿ. ನೀರು ಕೂಡಿಸಿ ಕೊಟ್ಟಾರ” ಎಂದಿತು ಕೆಳಗಿನ ದನಿ. “ಕಡ್ಡಿಪೆಟ್ಟಗಿ ಒಗಿ.”

ನಾನು ಒಗೆದೆ.

ಹಗೇವು ನೋಡದವರಿಗಾಗಿ ಹೇಳಬೇಕು. ಅದು ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟು, ಹೊಟ್ಟೆ ಒಂದು ಕೋಣೆಯಷ್ಟು ಅಗಲ, ಆಳ ಎರಡಾಳು. ಸುಗ್ಗಿಯಲ್ಲಿ ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಹಗೇವು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಕಾಳಿನ ಕಾವಿಗೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಅದು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಾಮಾನಿಗೂ ಗೊತ್ತಿತ್ತು. ಆದರೆ ಅದು ಜೋಳದ ಹಗೇವಿನ ಮಾತು. ಆವತ್ತು ಅದರಲ್ಲಿ ಒಂದು ಕಾಳೂ ಇರಲಿಲ್ಲ. ದ್ರಾಕ್ಷಿ ತುಂಬಿದ ನಾಲ್ಕು ಭರಣಿಗಳಿದ್ದವು, ಅಷ್ಟೇ.

ಆ ಭರಣಿಗಳು ಅಲ್ಲಿಗೆ ಹೇಗೆ ಬಂದವು ಎಂದು ಹೇಳಹೊರಟರೆ ನನ್ನ ಮನಸ್ಸು ತಾನಾಗಿ ಹಗುರಾಗುತ್ತದೆ. ಅವುಗಳನ್ನು ತುಂಬಿಸಲು ನಾವು ತಿರುಗಿದ ದಿನಗಳಷ್ಟು ನಕ್ಕ ದಿನಗಳು ನನ್ನ ಜೀವನದಲ್ಲಿ ಕಡಿಮೆ.

ಮಾಮಾ ನಮ್ಮವ್ವನ ಅಣ್ಣ. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದ ಮೇಲೆ ಅಗರಖೇಡದ ಕಡೆಯ ತನ್ನೂರಿಗೆ ಬಂದು, ಅತ್ತೆಯ ಜೊತೆ ಹೊಲಮನೆ ನೋಡಿಕೊಂಡಿದ್ದ. ಕೆಲಸ ಬಿಟ್ಟರೂ ಸಮವಸ್ತ್ರದ ಅಗಲ ಚರ್ಮದ ಬೆಲ್ಟು ಬಿಟ್ಟಿರಲಿಲ್ಲ. ಧೋತರದ ಮೇಲೆಯೇ ಅದನ್ನು ಬಿಗಿಯುತ್ತಿದ್ದ. ಗಾರ್ಡಿನ ಕೈದೀಪದಂಥದ್ದೇ ಒಂದನ್ನು ಹುಬ್ಬಳ್ಳಿಯ ಸಂತೆಯಲ್ಲಿ ಹುಡುಕಿ ಕೊಂಡು ತಂದಿದ್ದ. ಎಂಥ ಗಾಳಿಗೂ ಆರದ ದೀಪ ಎಂದು ಅದರ ಬಗ್ಗೆ ಬಹಳ ಹೆಮ್ಮೆ. ಹೆಂಡತಿಗಿಂತ ಆ ದೀಪವನ್ನೇ ಹೆಚ್ಚು ನಂಬುತ್ತಾನೆ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಲೋಂಡಾದಲ್ಲಿದ್ದಾಗ ಅವನಿಗೆ ಗೋವೆಯ ಗಾರ್ಡ್ ಒಬ್ಬ ಗೆಳೆಯನಾಗಿದ್ದ. ಕ್ರಿಸ್‌ಮಸ್ಸಿಗೆ ಆ ಮನೆಯಲ್ಲಿ ತಾವೇ ಮಾಡಿದ ದ್ರಾಕ್ಷಿಯ ವೈನನ್ನು ಸಣ್ಣ ಗ್ಲಾಸಿನಲ್ಲಿ ಕೊಡುತ್ತಿದ್ದರಂತೆ. ಪರದೇಶದಲ್ಲಿ ಊರೂರಿನ ಮಣ್ಣಿಗೂ ಒಂದೊಂದು ರುಚಿಯ ವೈನು ಇದೆ, ಹೆಸರಾದ ಊರುಗಳಲ್ಲಿ ದುಬಾರಿ, ಯಾರಿಗೂ ಗೊತ್ತಿರದ ಊರುಗಳಲ್ಲಿ ಸೋವಿ, ಜಾಣರು ಅಂಥ ಊರುಗಳನ್ನೇ ಹುಡುಕಿಕೊಂಡು ಹೋಗುತ್ತಾರೆ ಎಂದು ಗೆಳೆಯ ಹೇಳಿದ್ದ. ಅದು ಮಾಮಾನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರಿಗೂ ಗೊತ್ತಿರದ ಊರು ಎಂದರೆ ನಮ್ಮವೇ ಅಲ್ಲವೇ? ದೊಡ್ಡ ಬರ ಕಳೆದು ಬಾವಿಗಳಲ್ಲಿ ನೀರು ಕಂಡ ವರ್ಷಗಳವು. ಅಲ್ಲೊಂದು ಇಲ್ಲೊಂದು ದ್ರಾಕ್ಷಿಯ ಹಂದರ ಏಳುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಹಣ್ಣನ್ನು ನಾಲ್ಕು ಭರಣಿಯಲ್ಲಿ ಹಾಕಿ, ಯಾವ ಮಣ್ಣಿನ ವೈನು ಹೆಚ್ಚು ಎಂದು ತೀರ್ಮಾನ ಮಾಡಬೇಕು ಎಂದು ಅವನು ಹೊರಟ.

ವಿಜಾಪುರದಲ್ಲಿದ್ದ ನಮ್ಮವ್ವನಿಗೆ ಸುದ್ದಿ ಮುಟ್ಟಿ, ಸೆರೆ ಮಾಡುವವನು ನನ್ನ ಅಣ್ಣನೇ ಅಲ್ಲ ಎಂದಳು. ನಮ್ಮ ಮನೆಗಳಲ್ಲಿ ಹೆಂಡಕ್ಕೆ ಹೇಳುವ ‘ಸೆರಿ’ ಎಂಬ ಶಬ್ದವನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಾಮಾ ಸಾವಧಾನವಾಗಿ ಉತ್ತರಿಸಿದ.

“ಸೆರಿ ಅಂತ ಯಾರಂದ್ರು? ಇದು ದ್ರಾಕ್ಷಾಸವ. ಔಷಧ ಅಂಗಡ್ಯಾಗ ಬಾಟ್ಲಿ ಕಟ್ಟಿ ಮಾರತಾರ. ನೀನೂ ಬಾಣಂತ್ಯಾಗಿದ್ದಾಗ ದಿನಾ ಎರಡ ಚಮಚ ಕುಡದೀದಿ.”

ಅವ್ವ ಕುಡಿದದ್ದು ನಿಜವೇ. ಆದರೂ ಬಿ.ಎ. ಮುಗಿಸಿ ಕೆಲಸದ ಕರೆಗಾಗಿ ಕಾಯುತ್ತ ಮನೆಯಲ್ಲಿ ಕೂತಿದ್ದ ನನ್ನನ್ನು ಮಾಮಾನ ಬೆನ್ನಿಗೆ ಹಾಕಿದಳು. ಮಾಡಲಿ, ಆದರೆ ಕುಡಿಯದ ಹಾಗೆ ನೋಡಿಕೋ ಎಂಬುದು ನನಗೆ ಸಿಕ್ಕ ಮೊದಲ ನೌಕರಿ.

ಒಂದು ತಾಲ್ಲೂಕಿಗೆ ಹೋಗುವುದು, ಬುಟ್ಟಿ ತಂದು ಹಣ್ಣು ಹಿಸುಕಿ ಭರಣಿಗೆ ತುಂಬುವುದು, ಆಮೇಲೆ ಇನ್ನೊಂದು ತಾಲ್ಲೂಕು. ಇಂಡಿ ತಾಲ್ಲೂಕಿನ ಹಣ್ಣಿಗೆ ಚಡಚಣದ ಕಡೆ ಹೋದೆವು. ತೋಟದವರು ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದರು, ವ್ಯಾಪಾರ ಮಾತ್ರ ಪೂರ್ತಿ ನಗುತ್ತಲೇ ನಡೆಯುತ್ತಿತ್ತು. ಹಂದರದ ಕೆಳಗೆ ಒಬ್ಬ ಮುದುಕಿ ಕವಣೆ ಹಿಡಿದು ಗಿಳಿ ಓಡಿಸುತ್ತಿದ್ದಳು. ಮಾಮಾ ರುಚಿ ನೋಡುವ ನೆಪದಲ್ಲಿ ಈ ಗೊಂಚಲಿನಿಂದ ಎರಡು, ಆ ಗೊಂಚಲಿನಿಂದ ನಾಲ್ಕು ಬಾಯಿಗೆ ಹಾಕುತ್ತ ಸಾಲು ದಾಟುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಮಾಮಾಗ ಹೇಳವ್ವಾ, ನನ್ನ ಕಣ್ಣು ಮಂದ ಅದಾವ. ಗಿಳಿ ಯಾವದು, ಇಂವ ಯಾಂವ ಅಂತ ತಿಳೀದ ಕಲ್ಲು ಬೀಸೇನಿ” ಎಂದಳು. ಮಾಮಾ ಬಾಯಲ್ಲಿದ್ದುದನ್ನು ನುಂಗಿ ಬುಟ್ಟಿ ಹಿಡಿದು ನಿಂತ.

ಸಿಂದಗಿಯಲ್ಲಿ ಕರಿಮಣ್ಣು, ದಪ್ಪ ಹಣ್ಣು, ದಪ್ಪ ದನಿಯ ಜನ. ಏತಕ್ಕೆ ಹಣ್ಣು ಎಂದು ಕೇಳಿದ ತೋಟದ ಯಜಮಾನನಿಗೆ ಮಾಮಾ ಔಷಧಕ್ಕೆ ಎಂದ. ಅಷ್ಟೇ ಸಾಕಾಯಿತು. ಹಂದರದ ಕೆಳಗೆ ಹಾಸಿಗೆ ಬಂತು, ಚಹಾ ಬಂತು, ಯಜಮಾನನ ಮೊಣಕಾಲು ಬಂತು, ಅವನ ತಾಯಿಯ ದಮ್ಮು ಬಂತು, ಕೊನೆಗೆ ನಾಡಿ ನೋಡಿ ಎಂದು ಪಕ್ಕದ ತೋಟದವರೂ ಬಂದರು. ತಾನು ವೈದ್ಯನಲ್ಲ ಎಂದು ಮಾಮಾ ಹೇಳಿದಷ್ಟೂ ದೊಡ್ಡ ವೈದ್ಯರು ಹೀಗೇ ಹೇಳುವುದು ಎಂದು ಅವರ ನಂಬಿಕೆ ಗಟ್ಟಿಯಾಯಿತು. ಕಡೆಗೆ ಎಲ್ಲರಿಗೂ ಜೋಳದ ಅಂಬಲಿ ಕುಡಿಯಿರಿ, ಹೊತ್ತು ಮುಳುಗುವ ಮುಂಚೆ ಉಣ್ಣಿರಿ ಎಂದು ಹೇಳಿ ತಪ್ಪಿಸಿಕೊಂಡೆವು. ಬರುವಾಗ ಬಸ್ಸಿನ ಟಪ್ಪಿನ ಮೇಲಿಟ್ಟ ಬುಟ್ಟಿಯಿಂದ ರಸ ಸೋರಿ, ಕಿಟಕಿ ಪಕ್ಕ ಕೂತಿದ್ದ ಒಬ್ಬರ ಬಿಳಿ ಟೋಪಿ ನಸುಗೆಂಪಾಯಿತು. ಅವರು ಟೋಪಿ ತೆಗೆದು ಮೂಸಿ, ನೆಕ್ಕಿ, ಯಾವ ತೋಟದ್ದು ಎಂದು ಕೇಳಿದರು.

ಮುದ್ದೇಬಿಹಾಳದಲ್ಲಿ ನಮಗೆ ತಿಳಿದ ಮಟ್ಟಿಗೆ ಇದ್ದದ್ದು ಒಂದೇ ತೋಟ, ಒಬ್ಬ ನಿವೃತ್ತ ಸಂಸ್ಕೃತ ಮಾಸ್ತರರದು. ಕಲ್ಲುಮಣ್ಣಿನ ಇಳಿಜಾರಿನಲ್ಲಿ ಸಣ್ಣ ಹಣ್ಣು, ತುದಿಯಲ್ಲಿ ಒಂದಿಷ್ಟು ಹುಳಿ. ಮಾಮಾ ಆಸವ ಎಂದೊಡನೆ ಮಾಸ್ತರರು ದ್ರಾಕ್ಷಾಸವದ ಪಾಠವನ್ನೇ ಶುರುಮಾಡಿದರು. ರಾತ್ರಿ ಅವರ ಮನೆಯಲ್ಲೇ ಉಂಡು ಉಳಿದೆವು. ಬೆಳಗ್ಗೆ ಹಣ್ಣು ತೂಗಿ ಕೊಡುವಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: “ಆಸವಕ್ಕೂ ಸೆರಿಗೂ ತಾಯಿ ಒಬ್ಬಾಕಿನ. ಹೆಸರು ಇಟ್ಟಾಕಿ ಸೋದರತ್ತಿ ಬ್ಯಾರೆ, ಅಷ್ಟ. ಮೊದಲ ಬಾಟ್ಲಿ ನನಗ ಕಳಿಸ್ರಿ.”

ಬಾಗೇವಾಡಿಗೆ ಹೋದಾಗ ಸುತ್ತು ಬಳಸಿ ಕೊಲ್ಹಾರಕ್ಕೂ ಹೋದೆವು. ಮೊಸರಿಗಾಗಿ. ಕೃಷ್ಣೆಯ ದಂಡೆಯ ಆ ಊರಿನ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂಬ ಮಾತನ್ನು ಪರೀಕ್ಷಿಸಲು ಹೋಗಿ ಮಾಮಾ ತನ್ನ ಧೋತರದ ಮೇಲೆ ಅರ್ಧ ಗಡಿಗೆ ಬೀಳಿಸಿಕೊಂಡ. ಬಸವನ ಬಾಗೇವಾಡಿಯಲ್ಲಿ ಅವನಿಗೆ ಅಳುಕು. ಶರಣರ ಊರು, ಇಲ್ಲಿ ಹೇಗೆ ಕೇಳುವುದು ಎಂದು ಸಂತೆಯಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸಿನ ಹತ್ತಿರ ಬಗ್ಗಿ, ಹಿಸುಕಿ ಇಡಲಿಕ್ಕೆ ತಕ್ಕ ಹಣ್ಣು ಬೇಕು ಎಂದು ಪಿಸುಗುಟ್ಟಿದ. ಅವಳಿಗೆ ಕಿವಿ ಸ್ವಲ್ಪ ದೂರ. “ಸೆರಿ ಮಾಡಾಕ ಏನ್ರಿ?” ಎಂದು ಅವಳು ಕೇಳಿದ್ದು ಸಂತೆಯ ಆ ತುದಿಯವರೆಗೆ ಹೋಯಿತು. ತಲೆಗಳು ತಿರುಗಿದವು. ಮಾಮಾ ಬೆಲೆ ಮಾಡದೆ ಬುಟ್ಟಿ ಎತ್ತಿಕೊಂಡ.

ಈಗ ಯಾರಾದರೂ ದ್ರಾಕ್ಷಿಯ ನಾಡು ನೋಡಲು ಕಡಿಮೆ ಖರ್ಚಿನಲ್ಲಿ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ನಾನು ಈ ನಾಲ್ಕು ಊರಿನ ಹೆಸರನ್ನೇ ಹೇಳುತ್ತೇನೆ. ಮಾಗಿಯ ಚಳಿ ಬಿಟ್ಟು ಬಿಸಿಲು ಬಲಿಯುವ ಮುಂಚೆ ಹೋಗಬೇಕು. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು. ಮೊಸರು ದಾರಿಯಲ್ಲಿ ಸಿಗುತ್ತದೆ, ಮಲಗುವ ಜಾಗ ಯಾರಾದರೂ ಕೊಡುತ್ತಾರೆ. ಹಂದರದ ನೆರಳಿನಲ್ಲಿ ಎಲೆಗಳ ಸಂದಿಯಿಂದ ಬೀಳುವ ಬಿಸಿಲಿಗೆ ಒಂದು ಹಸಿರು ಬಣ್ಣವಿದೆ, ಅದನ್ನು ಬೇರೆಲ್ಲೂ ನೋಡಿಲ್ಲ.

ಅಪಾಯ ಬಂದದ್ದು ತೋಟಗಳಿಂದಲ್ಲ. ಅತ್ತೆಯ ಒಂದು ಮಾತಿನಿಂದ, ಮತ್ತು ಆ ಮಾತಿಗೆ ಮಾಮಾ ಹುಡುಕಿದ ಉಪಾಯದಿಂದ.

ಪಡಸಾಲೆಯಲ್ಲಿಟ್ಟ ಭರಣಿಗಳು ಬುಸುಗುಟ್ಟತೊಡಗಿದ್ದವು. ಬಾಯಿಗೆ ಕಟ್ಟಿದ ಅರಿವೆ ಉಬ್ಬಿ ಇಳಿಯುತ್ತಿತ್ತು, ಮನೆಯೆಲ್ಲ ಹುಳಿಸಿಹಿ ವಾಸನೆ. ಅತ್ತೆ ಎರಡು ದಿನ ನೋಡಿ ಮೂರನೆಯ ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

“ಅಲ್ರೀ, ಔಷಧ ಆದ್ರ ದೇವರ ಖೋಲ್ಯಾಗ ಇಡ್ರಿ. ಸೆರಿ ಆದ್ರ ಊರ ಹೊರಗ ಒಯ್ರಿ. ಪಡಸಾಲ್ಯಾಗ ಇಡೂ ವಸ್ತು ಯಾವದು ಇದು, ಹೇಳ್ರಿ ನನಗ.”

ದೇವರ ಕೋಣೆಯಲ್ಲಿಡಲು ಮಾಮಾನಿಗೆ ಧೈರ್ಯವಿಲ್ಲ, ಊರ ಹೊರಗೆ ಒಯ್ಯಲು ಮನಸ್ಸಿಲ್ಲ. ಅಂಗಳದ ಹಗೇವು ಖಾಲಿಯಿತ್ತು. ಹೊಸ ಜೋಳ ಇನ್ನೂ ಕಣದಲ್ಲಿತ್ತು. ಅದು ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ಮೇಲಾಗಿ ತಣ್ಣಗಿನ ಜಾಗ, ಗೋವೆಯ ಗೆಳೆಯ ಹೇಳಿದ ನೆಲಮಾಳಿಗೆಯಂತೆಯೇ. ಅತ್ತೆಗೂ ಒಪ್ಪಿಗೆಯಾಯಿತು. ಪದ್ಧತಿಯಂತೆ ಕಂದೀಲು ಇಳಿಬಿಟ್ಟು ನೋಡಿದರು. ಚೆನ್ನಾಗಿ ಉರಿಯಿತು. ಸುಣ್ಣದ ಕಡ್ಡಿಯಿಂದ ಪ್ರತಿ ಭರಣಿಯ ಮೇಲೆ ತಾಲ್ಲೂಕಿನ ಮೊದಲ ಅಕ್ಷರ ಬರೆದು ಕೆಳಗಿಳಿಸಿದೆವು. ಒಡೆಯದಿರಲೆಂದು ನಡುವೆ ಹೊಟ್ಟಿನ ಚೀಲಗಳನ್ನು ಜೋಡಿಸಿದೆವು. ಬೆಕ್ಕು ಇಳಿಯಬಾರದೆಂದು ಮಾಮಾ ಬಾಯಿಗೆ ಕಲ್ಲು ಮುಚ್ಚಿದ.

ಕೆಲವು ದಿನಗಳ ಮೇಲೆ ಆ ಮಧ್ಯಾಹ್ನ ಕಲ್ಲು ಸರಿಸಿದಾಗ ಕಂದೀಲಿನ ನೆನಪು ನಮ್ಮಲ್ಲಿ ಒಬ್ಬರಿಗೂ ಆಗಲಿಲ್ಲ. ಜೋಳವಿಲ್ಲದ ಹಗೇವಿನಲ್ಲಿ ಗಾಳಿ ಕೆಡುತ್ತದೆಂದು ಯಾರಿಗೆ ಹೊಳೆಯಬೇಕು? ದ್ರಾಕ್ಷಿಯ ಬುಸುಗುಟ್ಟುವಿಕೆ ಹಗಲುರಾತ್ರಿ ಆ ಹೊಟ್ಟೆಯೊಳಗೆ ತುಂಬಿಕೊಳ್ಳುತ್ತಿತ್ತು. ಭರಣಿಗಳನ್ನು ಒಮ್ಮೆ ನೋಡಿ ಬರಲು ಮಾಮಾ ಹಗ್ಗ ಹಿಡಿದು, ಗೋಡೆಯ ಕಾಲುಗುಳಿಗಳಲ್ಲಿ ಪಾದವಿಟ್ಟು, ಬೆಲ್ಟಿಗೆ ದೀಪ ಸಿಕ್ಕಿಸಿಕೊಂಡು ಇಳಿದ.

ಕಡ್ಡಿಪೆಟ್ಟಿಗೆ ಒಗೆದ ಮೇಲೆ ಕಡ್ಡಿ ಗೀರುವ ಸದ್ದು ಎರಡು ಮೂರು ಸಲ ಕೇಳಿಸಿತು. ಬೆಳಕು ಬರಲಿಲ್ಲ. “ಕಡ್ಡಿನೂ ಹಸಿ ಆಗ್ಯಾವ” ಎಂದ. ಆ ದನಿ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡವರ ದನಿಯಂತಿತ್ತು. ಆಮೇಲೆ ಬಾಗೇವಾಡಿ ಎಂದೋ ಏನೋ ತೊದಲಿದ. ಏನೋ ಬಿದ್ದ ಸದ್ದಾಯಿತು. ನಾನು ನಕ್ಕೆ. ಬಾಗೇವಾಡಿಯ ಭರಣಿಗೆ ಬಾಯಿ ಹಾಕಿಬಿಟ್ಟ, ಅವ್ವನಿಗೆ ಏನು ಹೇಳಲಿ ಎಂದುಕೊಂಡೆ.

ಹಿಟ್ಟಿನ ಕೈಯಲ್ಲೇ ಅತ್ತೆ ಹೊರಗೆ ಬಂದಳು. ಅವಳಿಗೂ ಅದೇ ಅನಿಸಿತು. ಹಗೇವಿನ ಬಾಯಿಗೆ ಬಗ್ಗಿ, ಕುಡಿದು ಬಿದ್ದಿರೇನು, ಹೀಗೇ ಆಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ಊರಿನಲ್ಲಿ ಮುಖ ಎತ್ತಿ ತಿರುಗುವ ಹಾಗೆ ಇಟ್ಟಿರೇನು ಎಂದು ಬೈಯತೊಡಗಿದಳು. ಬೈಗುಳ ಕೇಳಿ ಪಕ್ಕದ ಮನೆಯಿಂದ ಮಾಮಾನ ಚಿಕ್ಕಪ್ಪನ ಮಗ ಬಂದ. ಅವನನ್ನು ನಾನು ಕಾಕಾ ಎನ್ನುತ್ತಿದ್ದೆ. ಅವನೂ ಮೀಸೆಯೊಳಗೆ ನಕ್ಕು, ಅಣ್ಣನನ್ನು ಹೆಗಲ ಮೇಲೆ ಹೊತ್ತು ತರುತ್ತೇನೆ ಎಂದು ಕಾಲು ಒಳಗೆ ಬಿಟ್ಟ. ಅವನಿಗೆ ಬೆಳಕಾಗಲೆಂದು ಅತ್ತೆ ಬೈಯುತ್ತಲೇ ಅಡುಗೆಮನೆಯ ಕಂದೀಲು ಹಚ್ಚಿ ತಂದು ಹಗ್ಗದಿಂದ ಇಳಿಬಿಟ್ಟಳು. ಅದರಲ್ಲಿದ್ದದ್ದು ಸೊಸಾಯಿಟಿಯ ಎಣ್ಣೆಯಲ್ಲ, ಸೊಲ್ಲಾಪುರದಿಂದ ತಂದದ್ದು.

ಅರ್ಧಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತಲೇ ಉರಿ ನೀಲಿಯಾಯಿತು. ಆರಿತು.

ಅತ್ತೆಯ ಬೈಗುಳ ಶಬ್ದದ ನಡುವೆಯೇ ನಿಂತಿತು. ಅವಳು ಕಂದೀಲನ್ನು ಮೇಲೆಳೆಯಲೂ ಇಲ್ಲ. ಇಳಿಯುತ್ತಿದ್ದ ಕಾಕಾನ ಅಂಗಿಯ ಕೊರಳಪಟ್ಟಿಯನ್ನು ಎರಡೂ ಕೈಯಿಂದ ಹಿಡಿದಳು.

“ಇಳೀಬ್ಯಾಡ. ಎಣ್ಣಿ ಅಲ್ಲ ಇದು. ಗಾಳಿ ಸತ್ತೈತಿ.”

ಆ ಎರಡು ಶಬ್ದ ನನಗೆ ಈಗಲೂ ಸುಮ್ಮನೆ ಕೂತಿದ್ದಾಗ ಕೇಳಿಸುತ್ತವೆ. ಬಸ್ಸಿನಲ್ಲಿ, ತರಗತಿಯಲ್ಲಿ, ಚಹಾ ಸೋಸುವಾಗ. ಅಲ್ಲಿಯವರೆಗೆ ನಗುತ್ತಿದ್ದ ನನ್ನ ಮುಖದ ಮೇಲೆ ನಗು ಹಾಗೇ ಉಳಿದಿತ್ತಂತೆ. ಕಾಕಾ ಆಮೇಲೆ ಹೇಳಿದ.

ಕಾಕಾ ಕೌದಿಯೊಂದನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಮೇಲೆ ಕೆಳಗೆ ಬಡಿಯತೊಡಗಿದ. ಹೊರಗಿನ ಗಾಳಿಯನ್ನು ಒಳಗೆ ತಳ್ಳುವ ಉಪಾಯ ಅದು. ಆದರೆ ಇಳಿಯದೆ ಮನುಷ್ಯನನ್ನು ಎತ್ತುವುದು ಹೇಗೆ? ಅತ್ತೆ ನನ್ನ ಕಡೆ ತಿರುಗಿ ಪಾತಾಳಗರಡಿ ತಾ ಎಂದಳು. ಬಾವಿಗೆ ಬಿದ್ದ ಕೊಡಗಳನ್ನು ಎತ್ತಲು ಹಗ್ಗಕ್ಕೆ ಕಟ್ಟಿ ಬಿಡುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಓಣಿಗೆಲ್ಲ ಒಂದೇ ಇತ್ತು, ಮೂರನೆಯ ಮನೆಯ ಆಯಿಯ ಹತ್ತಿರ.

ಓಡಿದೆ. ಆಯಿ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಪಾತಾಳಗರಡಿ ಎಂದೊಡನೆ ಕೈ ಚಾಚಿ ಕೇಳಿದಳು:

“ತಂಬಗಿ ಎಲ್ಲಿ?”

ಪಾತಾಳಗರಡಿ ಒಯ್ಯುವವರು ಒಂದು ಪಾತ್ರೆಯನ್ನು ಒತ್ತೆ ಇಟ್ಟು ಒಯ್ಯಬೇಕು. ಅದು ಪದ್ಧತಿ. ನನಗೆ ಸಿಟ್ಟು ಬಂತು, ಅಳು ಬಂತು.

“ಮನುಷ್ಯಾ ಬಿದ್ದಾನ ಆಯೀ, ಕೊಡಾ ಅಲ್ಲ.”

“ಅದಕ್ಕ ಕೇಳಾಕತ್ತೇನಿ. ಒತ್ತಿ ಇಡದ ಒಯ್ದ್ರ ಬಿದ್ದದ್ದು ಮ್ಯಾಲ ಬರೂದಿಲ್ಲ. ಬರೂದು ಬ್ಯಾಡೇನ ನಿನಗ?”

ಅವಳ ಕಣ್ಣಲ್ಲಿ ನೀರಿತ್ತು. ಅವಳು ತಡೆಯುತ್ತಿರಲಿಲ್ಲ, ಅವನು ಮೇಲೆ ಬರಲಿ ಎಂದೇ ಕೇಳುತ್ತಿದ್ದಳು. ನಾನು ಕೈಗಡಿಯಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, ಮೊಳೆಗೆ ತೂಗುಹಾಕಿದ್ದ ಗರಡಿಯನ್ನು ಕಿತ್ತುಕೊಂಡು ಓಡಿದೆ. ಅಲ್ಲಿಂದ ಮುಂದೆ ಎಷ್ಟು ಹೊತ್ತಾಯಿತು ಎಂದು ನನಗೆ ಗೊತ್ತಿಲ್ಲ. ಯಾರನ್ನು ಕೇಳಿದರೂ ಬೇರೆ ಬೇರೆ ಉತ್ತರ ಹೇಳುತ್ತಾರೆ.

ಒಳಗೆ ಕತ್ತಲು. ಕೊಕ್ಕೆ ಎಲ್ಲಿ ಬಿಡಬೇಕು ಎಂದು ತಿಳಿಯದು. ಅತ್ತೆ ಗೋಡೆಯ ಮೇಲಿದ್ದ ಕನ್ನಡಿಯನ್ನು ಮೊಳೆಸಮೇತ ಕಿತ್ತು ತಂದು ನನ್ನ ಕೈಗೆ ಕೊಟ್ಟಳು. ಬಾವಿಯಲ್ಲಿ ಬಿದ್ದದ್ದನ್ನು ನೋಡಲು ಬಿಸಿಲನ್ನು ಹೀಗೆ ಒಳಗೆ ಹೊರಳಿಸುವುದು ನಾನು ಚಿಕ್ಕಂದಿನಿಂದ ನೋಡಿದ್ದೇ. ನಾನು ಕನ್ನಡಿ ಹಿಡಿದೆ. ಅಂಗೈಯಗಲದ ಬಿಸಿಲು ಗೋಡೆಯಿಂದ ಜಾರಿ ಕೆಳಗಿಳಿಯಿತು. ಭರಣಿಯ ಮೇಲಿನ ‘ಮು’ ಕಂಡಿತು. ಹೊಟ್ಟಿನ ಚೀಲಗಳು ಕಂಡವು. ಆ ಚೀಲಗಳ ಮೇಲೆ ಮಾಮಾ ಬೋರಲು ಬಿದ್ದಿದ್ದ, ಒಂದು ಕೆನ್ನೆ ಮೇಲಾಗಿ.

ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ನನ್ನ ಕೈ ನಡುಗುತ್ತಿತ್ತು. ಕೈ ನಡುಗಿದಂತೆ ಬಿಸಿಲಿನ ತುಂಡು ಅವನ ಮೇಲೆ ನಡುಗುತ್ತಿತ್ತು. ಅವನ ಬೆನ್ನು ಏರಿ ಇಳಿದಂತೆ ಕಾಣುತ್ತಿತ್ತು. ಅದು ಅವನ ಉಸಿರೋ ನನ್ನ ಕೈಯೋ ತಿಳಿಯುತ್ತಿರಲಿಲ್ಲ. ಅತ್ತೆ ಒಂದೇ ಸಮನೆ “ಉಸರಾಡಾಕತ್ತಾರೇನ, ನೋಡು” ಎಂದು ಕೇಳುತ್ತಿದ್ದಳು, ನಾನು ಹೌದು ಎನ್ನುತ್ತಿದ್ದೆ. ನನಗೆ ಗೊತ್ತಿರಲಿಲ್ಲ.

ಮೊದಲ ಸಲ ಕೊಕ್ಕೆ ಭರಣಿಯ ಕೊರಳಿಗೆ ಸಿಕ್ಕಿತು. ಭಾರ ತಾಕಿದೊಡನೆ ಕಾಕಾ, ಸಿಕ್ಕಿತು ಎಂದು ಎಳೆದ. ಮೊಳದಷ್ಟು ಮೇಲೆ ಬಂದ ಭರಣಿ ಜಾರಿ ಬಿದ್ದು ಒಡೆಯಿತು. ಸಿಂದಗಿಯದು. ಎರಡನೆಯ ಸಲ ಧೋತರಕ್ಕೆ ಸಿಕ್ಕಿ ಹರಿಯಿತು. ಅಷ್ಟರಲ್ಲಿ ಓಣಿಯ ಗಂಡಸರು ಕೂಡಿದ್ದರು. ಅತ್ತೆ ನನ್ನ ಮುಂಗೈ ಹಿಡಿದು ಕನ್ನಡಿಯನ್ನು ನಿಲ್ಲಿಸಿದಳು. ಬಿಸಿಲು ಬೆಲ್ಟಿನ ಬೆನ್ನ ಕಡೆಯ ಹಿತ್ತಾಳೆಯ ಕೊಂಡಿಯ ಮೇಲೆ ನಿಂತು ಮಿನುಗಿತು. ಕಾಕಾ ಗರಡಿಯನ್ನು ನಿಧಾನವಾಗಿ, ಕೂಸಿಗೆ ಕುಲಾಯಿ ಹಾಕಿದಷ್ಟು ನಿಧಾನವಾಗಿ, ಬೆಲ್ಟಿನ ಕೆಳಗೆ ತೂರಿಸಿದ.

ಮಾಮಾ ಮಡಿಸಿದ ಗೋಣಿಚೀಲದಂತೆ ಎರಡಾಗಿ ಬಾಗಿ ಮೇಲೆ ಬಂದ. ಮುಖ ಬೂದಿಯ ಬಣ್ಣ. ಅಂಗಳದಲ್ಲಿ ಮಲಗಿಸಿ ನೀರು ಚಿಮುಕಿಸಿದರು, ಅಂಗಾಲು ತಿಕ್ಕಿದರು. ಅತ್ತೆ ಹಿಟ್ಟಿನ ಕೈಯಿಂದ ಅವನ ಎದೆಗೆ ಬಡಿಯುತ್ತಿದ್ದಳು, ಅಂಗಿಯ ಮೇಲೆಲ್ಲ ಬಿಳಿಯ ಬೆರಳುಗಳು ಮೂಡಿದವು. ಒಂದು ಕೆಮ್ಮು ಬಂತು. ಇನ್ನೊಂದು. ಮಾಮಾ ಕಣ್ಣು ತೆರೆದು, ಎಲ್ಲರನ್ನೂ ಒಂದು ಸುತ್ತು ನೋಡಿ, ಒಣಗಿದ ದನಿಯಲ್ಲಿ ಹೇಳಿದ: “ದೀಪದ ತಪ್ಪಿಲ್ಲ. ಎಣ್ಣಿ ಖೋಟಾ.”

ನೆರೆದಿದ್ದವರು ಹೋ ಎಂದು ನಕ್ಕರು. ಅತ್ತೆ ಮಾತ್ರ ಅಲ್ಲೇ ನೆಲದ ಮೇಲೆ ಕೂತು, ಅವನ ಬೆಲ್ಟು ಹಿಡಿದುಕೊಂಡು ಅತ್ತಳು.

ದ್ರಾಕ್ಷಿ ಹೇರಿಕೊಂಡು ಹೊರಟಿದ್ದ ಒಂದು ಟೆಂಪೋದಲ್ಲಿ ಬುಟ್ಟಿಗಳ ನಡುವೆ ಮಲಗಿಸಿ ಇಂಡಿಗೆ ಒಯ್ದೆವು. ಹಣ್ಣು ಹುಳಿಯುವಾಗ ಬಿಡುವ ಗಾಳಿ ಭಾರ, ನೀರಿನಂತೆ ತಳದಲ್ಲಿ ನಿಲ್ಲುತ್ತದೆ, ಚೀಲಗಳ ಮೇಲೆ ಬಿದ್ದದ್ದರಿಂದ ಮೂಗು ಸ್ವಲ್ಪ ಎತ್ತರದಲ್ಲಿತ್ತು, ನೆಲಕ್ಕೆ ಬಿದ್ದಿದ್ದರೆ ಇಲ್ಲಿಯವರೆಗೆ ತರುವ ಕೆಲಸವೇ ಇರುತ್ತಿರಲಿಲ್ಲ ಎಂದರು ಡಾಕ್ಟರು. ಮರುದಿನ ಮನೆಗೆ ಕಳಿಸಿದರು.

ಊರಿನಲ್ಲಿ ಅಷ್ಟರೊಳಗೆ ಗಾರ್ಡ್ ಸಾಹೇಬರು ಹಗೇವಿನಲ್ಲಿ ಕೂತು ನಾಲ್ಕು ಭರಣಿ ಮುಗಿಸಿದರು ಎಂಬ ಸುದ್ದಿ ಹಬ್ಬಿತ್ತು. ಹಾಗೆಂದು ಮೊದಲು ಕೂಗಿದ್ದು ಅತ್ತೆಯೇ ಆದರೂ ಈಗ ಮನೆಮನೆಗೆ ಹೋಗಿ, ನಮ್ಮ ಮನೆಯವರು ಒಂದು ಹನಿ ಮುಟ್ಟಿಲ್ಲ ಎಂದು ಜಗಳವಾಡಿ ಬಂದಳು. ಆಯಿ ನನ್ನ ಗಡಿಯಾರ ಹಿಂದಿರುಗಿಸಿ, ಗರಡಿಗೆ ಒಂದು ತೆಂಗಿನಕಾಯಿ ಒಡೆಸಿಕೊಂಡಳು. ಹಗೇವನ್ನು ದಿನಗಟ್ಟಲೆ ತೆರೆದಿಟ್ಟು, ಕಂದೀಲು ತಳ ಮುಟ್ಟಿ ಉರಿಯುವುದನ್ನು ನೋಡಿದ ಮೇಲೂ ಯಾರೂ ಇಳಿಯಲಿಲ್ಲ. ಉಳಿದ ಮೂರು ಭರಣಿಗಳನ್ನು ಗರಡಿಯಿಂದಲೇ ಎತ್ತಿದರು. ಕೌದಿ ಬಡಿದು ಬಡಿದು ಸುಣ್ಣದ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಯಾವುದು ಯಾವ ತಾಲ್ಲೂಕು ಎಂದು ಹೇಳುವವರಿಲ್ಲ. ಮಾಮಾ ನಾಲಿಗೆಯ ಮೇಲಿಟ್ಟು ಒಂದೊಂದು ದಿನ ಒಂದೊಂದು ಹೆಸರು ಹೇಳಿದ. ಒಂದು ಬಾಟಲಿ ಮುದ್ದೇಬಿಹಾಳದ ಮಾಸ್ತರರಿಗೆ ಹೋಯಿತು. ಕುಡಿದ ಕೂಡಲೇ ನಮ್ಮ ಮಣ್ಣಿನ ಗುರುತು ಹತ್ತಿತು ಎಂದು ಅವರು ಹೇಳಿಕಳಿಸಿದರು. ಅದು ಬಾಗೇವಾಡಿಯದಿರಬೇಕು ಎಂದು ಮಾಮಾನಿಗೆ ಒಳಗೊಳಗೇ ಅನುಮಾನ. ಅತ್ತೆ ಮಾತ್ರ ಭರಣಿಗಳನ್ನು ಅಡುಗೆಮನೆಯ ಮೂಲೆಗೆ ತಾನೇ ಉರುಳಿಸಿಕೊಂಡು ಹೋದಳು.

“ಸೆರಿ ಆಗ್ಲಿ, ಔಷಧ ಆಗ್ಲಿ” ಎಂದಳು, “ನನ್ನ ಕಣ್ಣ ಮುಂದ ಇರ್ಬೇಕು.”

ಹಗಲು ಹೀಗೆ ನಗುತ್ತ ಕಳೆಯುತ್ತಿತ್ತು. ನಿದ್ದೆ ಮಾತ್ರ ಆ ಮನೆಯನ್ನು ಬಿಟ್ಟು ಹೋಗಿತ್ತು. ನಾನು ವಿಜಾಪುರಕ್ಕೆ ಮರಳದೆ ಅಲ್ಲೇ ಉಳಿದಿದ್ದೆ. ಮಾಮಾ ಕದ ಹಾಕಿದ ಕೋಣೆಯಲ್ಲಿ ಮಲಗಲಾರ, ಅಂಗಳದಲ್ಲಿ ಹೊರಸು ಹಾಕಿಕೊಳ್ಳುತ್ತಿದ್ದ. ಅತ್ತೆ ಗಳಿಗೆಗೊಮ್ಮೆ ಎದ್ದು ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು. ಅವನು ಬೆಚ್ಚಿ ಎದ್ದು ಬೈಯುತ್ತಿದ್ದ. ಅವಳು ಮಲಗಿದ ಮೇಲೆ ನಾನು ಎದ್ದು ಹೊದಿಕೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಬೆಳಗ್ಗೆ ಮೂವರೂ ಕೆಂಪು ಕಣ್ಣಲ್ಲಿ ಚಹಾ ಕುಡಿಯುತ್ತ, ಯಾರಿಂದ ಯಾರ ನಿದ್ದೆ ಕೆಟ್ಟಿತು ಎಂದು ವಾದ ಮಾಡುತ್ತಿದ್ದೆವು. ಹಾಗೇ ಬೇಸಿಗೆ ಕಳೆಯಿತು.

ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ಸಂಜೆ ಹೊರಸು ಒಳಗೆ ತರಬೇಕಾಯಿತು. ಹೊಸ ಜೋಳವನ್ನು ಆ ವರ್ಷ ಹಗೇವಿಗೆ ಹಾಕದೆ ಪಡಸಾಲೆಯಲ್ಲೇ ಚೀಲಗಳಲ್ಲಿ ಒಟ್ಟಿದ್ದೆವು. ಚೀಲಗಳ ನಡುವೆ ಉಳಿದ ಜಾಗದಲ್ಲಿ ಮೂವರೂ ಅಡ್ಡಾದಿಡ್ಡಿ ಮಲಗಿದೆವು. ಕದ ಮುಚ್ಚಬೇಕೋ ಬೇಡವೋ ಎಂಬ ಮಾತು ಮುಗಿಯುವ ಮುಂಚೆಯೇ ನನಗೆ ಕಣ್ಣು ಹತ್ತಿರಬೇಕು.

ಎಚ್ಚರವಾದಾಗ ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಬಂದಿತ್ತು. ಹಿಂಡದ ಎಮ್ಮೆ ಕೊಟ್ಟಿಗೆಯಲ್ಲಿ ಒದರುತ್ತಿತ್ತು. ಕಾಕಾ ಹೊರಗೆ ನಿಂತು, ಎಲ್ಲರೂ ಬದುಕಿದ್ದೀರಾ ಎಂದು ಕದ ಬಡಿಯುತ್ತಿದ್ದ. ಮಾಮಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅತ್ತೆ ಅವನ ಕಡೆ ಬೆನ್ನು ಮಾಡಿ, ಮೊಣಕಾಲು ಮಡಚಿ, ಗಾಢ ನಿದ್ದೆಯಲ್ಲಿದ್ದಳು. ನಾನು ಹೊದಿಕೆಯನ್ನು ನೋಡದೆ ಎದ್ದು, ಚರಿಗೆ ತೆಗೆದುಕೊಂಡು, ಎಮ್ಮೆ ಹಿಂಡಲು ಹೋದೆ.